ಕುಂಬಳಕಾಯಿ ಕಳ್ಳ ಎಂದರೆ ಮೊದಲು ಹೆಗಲು ನೋಡಿಕೊಳ್ಳಿ

ನಮ್ಮ ಚರ್ಚುಗಳ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದದ್ದನ್ನು ಹರಾಜು ಕೂಗುವಾಗ ಒಂದೇ ನಾಟಿ ಕೋಳಿ ಮೂರು ಸಲ ಮಾರಾಟವಾಗುವುದುಂಟು. ಕೂಗಿ ಕೊಂಡವರು ಅದನ್ನು ಮನೆಗೆ ಒಯ್ಯದೆ, "ಸಭೆಗೇ ಇರ್ಲಿ, ಇನ್ನೊಂದ್ಸಲ ಕೂಗಿ" ಎಂದು ಮೇಜಿನ ಮೇಲೆ ವಾಪಸ್ಸು ಇಡುತ್ತಾರೆ. ನನ್ನ ಮೇಲೆ ಕಳ್ಳತನದ ಮಾತು ಹುಟ್ಟಿದ್ದು ಅಂಥದೊಂದು ಕೋಳಿಯಿಂದ.

ಆಗ ನಾನು ಮಂಡ್ಯ ಕಡೆಯ ನಮ್ಮ ಸಭೆಯ ಖಜಾಂಚಿ. ಹಬ್ಬವಾದ ಮೂರನೇ ಭಾನುವಾರ ಆರಾಧನೆ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಯೌವನಸ್ಥರ ಕೂಟದ ಹುಡುಗನೊಬ್ಬ ಹತ್ತಿರ ಬಂದು, "ಅಂಕಲ್, ಗ್ರೂಪ್ ನೋಡಿದ್ರಾ?" ಎಂದ. ನೋಡಿದೆ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಎರಡೇ ಸಾಲು. ಹರಾಜು ಕೂಗಿದ್ದು 1,12,400 ರೂಪಾಯಿ, ಬ್ಯಾಂಕಿಗೆ ಕಟ್ಟಿದ್ದು 94,000. ಮಿಕ್ಕ 18,400 ಯಾರ ಹೊಟ್ಟೆಗೆ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ನಾವು ಕಳ್ಳನನ್ನು ಹಿಡಿಯಲು ಬಳಸುತ್ತೇವೆ. ಬೂದುಗುಂಬಳ ಹೊತ್ತವನ ಹೆಗಲಿಗೆ ಬಿಳಿ ಬೂದಿ ಹತ್ತಿರುತ್ತದೆ, ಅದಕ್ಕೇ ಅವನ ಕೈ ಅಲ್ಲಿಗೆ ಹೋಗುತ್ತದೆ. ಸುಳ್ಳು ಆಪಾದನೆ ಹೊತ್ತ ಕ್ರೈಸ್ತನಿಗೆ ನಾನು ಹೇಳುವುದು ಇದರ ತಿರುವು: ಕಾಯಿ ಕದ್ದಿಲ್ಲದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳಿ. ಬೇರೆ ಯಾವುದೋ ಬೂದಿ ಅಂಟಿರಬಹುದು. ಅದನ್ನು ಮೊದಲು ನೀವೇ ತೋರಿಸಿದರೆ, "ಕಾಯಿ ಕದ್ದಿಲ್ಲ" ಎಂಬ ಮಾತನ್ನು ಜನ ಕೇಳಿಸಿಕೊಳ್ಳುತ್ತಾರೆ.

ಮೊದಲ ದಿನ: ಬೆರಳು ಕಟ್ಟಿಕೊಳ್ಳಿ

ಆ ಮಧ್ಯಾಹ್ನ ನಾನು ಫೋನಿನಲ್ಲಿ ಉದ್ದದ ಉತ್ತರ ಬರೆದೆ. ಬೈಬಲಿನ 35ನೇ ಕೀರ್ತನೆಯ ಸುಳ್ಳುಸಾಕ್ಷಿಗಳನ್ನೂ ಎಳೆದು ತಂದಿದ್ದೆ. ಆ ಸಂದೇಶ ಬರೆದವರ ಮಗನ ಮದುವೆ ಸಾಲದ ಸುದ್ದಿಯೂ ಅದರಲ್ಲಿತ್ತು. ಕಳಿಸುವ ಮುಂಚೆ ಮನೆಯವಳು ಫೋನು ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಇಟ್ಟಳು. ಅವಳು ಮಾಡಿದ್ದೇ ಈ ಲೇಖನದ ಮೊದಲ ಹೆಜ್ಜೆ ಎನ್ನಬಹುದು.

ಮೊದಲ ದಿನ ಮಾಡಬೇಕಾದದ್ದು ಕಡಿಮೆ. ಬಂದ ಸಂದೇಶವನ್ನು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಗುಂಪಿನಿಂದ ಹೊರಗೆ ಬರಬೇಡಿ, ಏನನ್ನೂ ಅಳಿಸಬೇಡಿ. ನಿಮ್ಮದೇ ಹಳೇ ಸಂದೇಶಗಳನ್ನಂತೂ ಮುಟ್ಟಲೇಬೇಡಿ. ಅಳಿಸಿದ ಗುರುತು ಉಳಿಯುತ್ತದೆ, ಆಮೇಲೆ ಆ ಗುರುತೇ ಎರಡನೇ ಆರೋಪವಾಗುತ್ತದೆ. ಯಾರಿಗೆ ಎಷ್ಟು ಹೊತ್ತಿಗೆ ಏನು ಹೇಳಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗುಂಪಿಗೆ ಒಂದೇ ಸಾಲು ಸಾಕು: "ಲೆಕ್ಕ ಕೇಳಿದ್ದು ಸರಿ. ಇಂಥ ತಾರೀಖಿಗೆ ಪುಸ್ತಕ ಸಮೇತ ಉತ್ತರ ಕೊಡುತ್ತೇನೆ." ತಾರೀಖು ಹಾಕದೆ ಬರೆದರೆ ಅದು ಜಾರಿಕೊಳ್ಳುವವನ ಮಾತಿನ ಹಾಗೆ ಕೇಳುತ್ತದೆ.

ಇಲ್ಲಿ ಒಂದು ಜಗಳ ತೀರಿಸಿಕೊಂಡು ಮುಂದೆ ಹೋಗೋಣ. ನಮ್ಮ ಸಭೆಗಳಲ್ಲಿ ಹಿರಿಯರು ತಕ್ಷಣ ಹೇಳುವುದು, "ಸುಮ್ನಿರಪ್ಪ, ಕರ್ತನೇ ನೋಡ್ಕತಾನೆ. ಯೇಸುಸ್ವಾಮಿ ಬಾಯಿ ಬಿಟ್ಟನಾ?" ಬಿಟ್ಟನು. ಗಲಿಲಾಯವನ್ನು ಆಳುತ್ತಿದ್ದ ಹೆರೋದನ ಮುಂದೆ ಸುಮ್ಮನಿದ್ದವನು, ಮಹಾಯಾಜಕನ ಮುಂದೆ ಕೆನ್ನೆಗೆ ಪೆಟ್ಟು ಬಿದ್ದಾಗ, ನಾನು ತಪ್ಪು ಮಾತಾಡಿದ್ದರೆ ಅದು ಯಾವುದೆಂದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ (ಯೋಹಾನ 18:23). ಅಪೊಸ್ತಲ ಪೌಲನು ರೋಮನ್ ಅಧಿಪತಿ ಫೇಲಿಕ್ಸನ ಎದುರು ನಿಂತು, ಇವರು ಹೇಳುವುದಕ್ಕೆ ಇವರ ಹತ್ತಿರ ರುಜುವಾತಿಲ್ಲ ಎಂದ (ಅಪೊಸ್ತಲರ ಕೃತ್ಯಗಳು 24:13). ಹೆರೋದನು ಸತ್ಯ ಬೇಕೆಂದು ಕೇಳಿದವನಲ್ಲ, ಆಟ ನೋಡಲು ಕೂತವನು. ಅಲ್ಲಿ ಮೌನ ಸರಿ. ಆದರೆ ಕೂಲಿ ದುಡ್ಡಿನಲ್ಲಿ ಕಾಣಿಕೆ ಚೀಲಕ್ಕೆ ಹತ್ತು ರೂಪಾಯಿ ಹಾಕಿದ ಅಜ್ಜಿ ಲೆಕ್ಕ ಕೇಳಿದಾಗ ಸುಮ್ಮನಿರುವುದು ದೀನತೆಯಲ್ಲ. ಅದು ಅವಳ ದುಡ್ಡು, ಉತ್ತರ ಅವಳ ಹಕ್ಕು.

ಎರಡನೇ ದಿನ: ಮೂರು ಕಾಲಮಿನ ಹಾಳೆ

ಒಂದು ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ. ಆರೋಪದಲ್ಲಿ ಸುಳ್ಳೆಷ್ಟು, ನಿಜವೆಷ್ಟು, ಅವರಿಗೆ ತಿಳಿಯದೆ ಹೋದದ್ದೆಷ್ಟು. ಎರಡನೇ ಕಾಲಮು ಖಾಲಿ ಉಳಿದರೆ ಅನುಮಾನದಿಂದ ಇನ್ನೊಮ್ಮೆ ಕುಳಿತುಕೊಳ್ಳಿ.

ನನ್ನ ಹಾಳೆ ಹೀಗಿತ್ತು. 11,250 ರೂಪಾಯಿ ಕೂಗಿದವರ ಬಾಕಿ. ಆ ಕೋಳಿ ಒಂದರದ್ದೇ 1,200, 1,400, 1,500 ಹೀಗೆ ಮೂರು ಕೂಗು, ಒಂದೂ ಕೈಗೆ ಬಂದಿರಲಿಲ್ಲ. 5,500 ರೂಪಾಯಿ ಶಾಮಿಯಾನ ಮತ್ತು ಮೈಕಿನವರಿಗೆ. ಉಳಿದ 1,650 ರೂಪಾಯಿ ನಾಲ್ಕು ಜನ ಫೋನ್‌ಪೇ ಮಾಡಿದ್ದು, ಅದೂ ನನ್ನ ಸ್ವಂತ ನಂಬರಿಗೆ. ಕೂಡಿಸಿದರೆ ಸರಿಯಾಗಿ 18,400. ಒಂದು ಪೈಸೆಯೂ ತಿಂದಿರಲಿಲ್ಲ.

ಆದರೂ ಎರಡನೇ ಕಾಲಮು ತುಂಬಿತು. ಶಾಮಿಯಾನದವನಿಗೆ ಹರಾಜಿನ ಡಬ್ಬಿಯಿಂದಲೇ ನಗದು ತೆಗೆದು ಕೊಟ್ಟಿದ್ದೆ, ಓಚರ್ ಬರೆಸಿರಲಿಲ್ಲ. ಫೋನ್‌ಪೇ ದುಡ್ಡು ಇಪ್ಪತ್ತು ದಿನವಾದರೂ ನನ್ನ ಖಾತೆಯಲ್ಲೇ ಇತ್ತು, ಅದರ ನಡುವೆ ನಾನು ಗ್ಯಾಸಿಗೂ ಹಾಲಿಗೂ ಅದೇ ಖಾತೆಯಿಂದ ಕೊಟ್ಟಿದ್ದೆ. ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಐದು ರೂಪಾಯಿಗೂ ಓಚರ್ ಕೇಳಿ ಬೈಸಿಕೊಂಡವನು ನಾನು. ದೇವರ ಮನೆಯ ದುಡ್ಡು ಎಂದಾಗ ಮಾತ್ರ ನಂಬಿಕೆಯ ಮೇಲೆ ನಡೆಸಿದ್ದೆ. ಹೆಗಲಿನ ಬೂದಿ ಅದು.

7ನೇ ಕೀರ್ತನೆಯಲ್ಲಿ ದಾವೀದನು ತನ್ನ ಮೇಲಿನ ಆಪಾದನೆಯನ್ನು ದೇವರ ಮುಂದೆ ಇಡುವಾಗ, ನನ್ನ ಕೈಯಲ್ಲಿ ಅನ್ಯಾಯವಿದ್ದರೆ ವೈರಿಯು ನನ್ನನ್ನು ಅಟ್ಟಿ ತುಳಿಯಲಿ ಎನ್ನುತ್ತಾನೆ. ವಿರೋಧಿಗಳ ನಾಶ ಕೇಳುವ ಮೊದಲೇ ತನ್ನ ಹೆಗಲನ್ನು ಬೆಳಕಿಗೆ ಒಡ್ಡುವ ಪ್ರಾರ್ಥನೆ ಅದು. ಎರಡನೇ ದಿನದ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಬೈಯಬಲ್ಲ ಒಬ್ಬರಿಗೆ ಹೇಳಿ, ಕೀಲಿ ಕೊಡಿ

ಹಾಳೆ ತೆಗೆದುಕೊಂಡು ನಿಮ್ಮ ಜೀವದ ಗೆಳೆಯನ ಹತ್ತಿರ ಹೋಗಬೇಡಿ. ಅವನು ನಿಮ್ಮ ಪರವಾಗಿ ಕುದಿಯುತ್ತಾನೆ, ಅಷ್ಟೆ. ನಿಮ್ಮನ್ನು ಬೈಯಬಲ್ಲವರ ಬಳಿ ಹೋಗಿ. ನಾನು ನಮ್ಮ ಸಭಾಪಾಲಕರಾದ ಅಯ್ಯನವರ ಬಳಿ ಹೋದೆ. ಅವರು ಹಾಳೆ ನೋಡಿ, "ಕದ್ದಿಲ್ಲ, ಸರಿ. ಆದ್ರೆ ಇದು ಖಜಾಂಚಿ ಮಾಡೋ ಕೆಲ್ಸನಾ?" ಎಂದರು. ಮೊದಲ ಅರ್ಧಕ್ಕಿಂತ ಎರಡನೇ ಅರ್ಧವೇ ನನಗೆ ನಿದ್ದೆ ತಂದಿತು.

ಅದೇ ದಿನ ರಸೀದಿ ಪುಸ್ತಕ, ಪಾಸ್‌ಬುಕ್, ಬೀರುವಿನ ಕೀಲಿ ಎಲ್ಲವನ್ನೂ ಪಟ್ಟಿ ಬರೆದು, ಸಹಿ ಹಾಕಿಸಿಕೊಂಡು ಕಾರ್ಯದರ್ಶಿಗೆ ಒಪ್ಪಿಸಿದೆ. ಕೊಡುವ ಮುಂಚೆ ಪುಟಪುಟದ ಫೋಟೊ ತೆಗೆದುಕೊಂಡೆ. ಫೋನ್‌ಪೇ ದುಡ್ಡನ್ನು ಸಭೆಯ ಖಾತೆಗೆ ಹಾಕಿದೆ, ಹಾಕಿದ ತಾರೀಖು ಮುಚ್ಚಿಡಲಿಲ್ಲ. ಹಳೇ ತಾರೀಖಿನ ಓಚರ್ ಈಗ ಬರೆಸಿಕೊಳ್ಳುವ ಆಸೆ ಬರುತ್ತದೆ, ಶಾಮಿಯಾನದವನೂ "ಬರ್ಕೊಡ್ತೀನಿ ಬುಡಣ್ಣ" ಎಂದ. ಬೇಡ. ಅಲ್ಲಿಯವರೆಗೆ ಸುಳ್ಳಾಗಿದ್ದ ಆರೋಪ ಆ ಒಂದು ಕಾಗದದಿಂದ ನಿಜವಾಗುತ್ತದೆ. ಇವತ್ತಿನ ತಾರೀಖು ಹಾಕಿ, ಇಂಥ ದಿನ ಕೊಟ್ಟ ದುಡ್ಡಿಗೆ ಇವತ್ತು ಬರೆಸಿದ್ದು ಎಂದೇ ಬರೆಸಿ.

ರಾಜೀನಾಮೆ ಕೊಡಬೇಕೇ ಎಂದು ಕೇಳುವವರಿಗೆ: ಪಕ್ಕಕ್ಕೆ ನಿಲ್ಲುವುದು ಬೇರೆ, ಓಡಿಹೋಗುವುದು ಬೇರೆ. ವಿಚಾರಣೆ ಮುಗಿಯುವವರೆಗೆ ಹಣ ಮುಟ್ಟುವುದಿಲ್ಲ ಎಂದು ಬರೆದುಕೊಡಿ. ಲೆಕ್ಕ ಒಪ್ಪಿಸದೆ ರಾಜೀನಾಮೆ ಬಿಸಾಡಿದರೆ ಊರು ಅದನ್ನು ತಪ್ಪೊಪ್ಪಿಗೆ ಎಂದೇ ಓದುತ್ತದೆ.

ಒಬ್ಬರೇ ಹೋಗಿ ಮಾತಾಡುವುದು

ಮತ್ತಾಯ 18:15ರಿಂದ 17ರವರೆಗಿನ ಮೆಟ್ಟಿಲು ಎಲ್ಲರಿಗೂ ಬಾಯಿಪಾಠ. ತಪ್ಪು ಮಾಡಿದ ಸಹೋದರನ ಬಳಿ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ವಾಟ್ಸಾಪಿನಲ್ಲಿ ಇಡೀ ಸಭೆಗೆ, ಆಮೇಲೆ ಇಬ್ಬರು ಮೂವರು ಸೇರಿ ಗುಸುಗುಸು, ಕೊನೆಗೆ ಅವನನ್ನೇ ಕೇಳೋಣವೇ ಎಂಬ ಯೋಚನೆ. ಅವರು ತಲೆಕೆಳಗಾಗಿ ಇಳಿದರೆಂದು ನೀವೂ ಹಾಗೆ ಇಳಿಯಬೇಕಿಲ್ಲ.

ಸಂದೇಶ ಹಾಕಿದ್ದು ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಎನ್ನುವವರು. ಅವರದು ಆಲೆಮನೆ. ನಾನು ಹೋದಾಗ ಕೊಪ್ಪರಿಗೆ ಕುದಿಯುತ್ತಿತ್ತು, ಅಣ್ಣ ಒಲೆ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ನೂಕುತ್ತಿದ್ದರು. ಕೂರು ಎನ್ನಲಿಲ್ಲ. ನಾನು ನಿಂತೇ ಹೇಳಿದೆ: "ಅಣ್ಣ, ಜಗಳಕ್ಕೆ ಬಂದಿಲ್ಲ. ನಿಮ್ಮ ಲೆಕ್ಕ ಎಲ್ಲಿಂದ ಬಂತು, ಅದನ್ನ ನೋಡ್ಬೇಕು."

ಅವರು ಅಂಗಿ ಜೇಬಿನಿಂದ ಸಣ್ಣ ಡೈರಿ ತೆಗೆದರು. ಹರಾಜಿನ ದಿನ ಮೈಕಿನಲ್ಲಿ ಕೂಗಿದ ಪ್ರತಿ ರೇಟನ್ನೂ ಬರೆದುಕೊಂಡಿದ್ದರು. ಬೂದುಗುಂಬಳ 350. ಬೆಲ್ಲ ಐದು ಅಚ್ಚು 800. ಕೋಳಿ, ಕೋಳಿ, ಕೋಳಿ. ಅಲ್ಲಿಯವರೆಗೆ ಈ ಮನುಷ್ಯ ಹೊಟ್ಟೆಕಿಚ್ಚಿಗೆ ಸುಳ್ಳು ಹುಟ್ಟಿಸಿದ ಎಂದುಕೊಂಡಿದ್ದೆ. ಅವರ ಡೈರಿ ನನ್ನ ಪುಸ್ತಕಕ್ಕಿಂತ ಅಚ್ಚುಕಟ್ಟಾಗಿತ್ತು. ಕೂಗಿದ್ದೆಲ್ಲ ಬಂದ ದುಡ್ಡು ಎಂದು ತಿಳಿದದ್ದಷ್ಟೇ ಅವರ ತಪ್ಪು. ನಾನು ಬಾಕಿಯವರ ಹೆಸರು ಓದಿದೆ. ಓದುತ್ತಾ ಹೋದಂತೆ ನಾಲ್ಕನೇ ಹೆಸರು ಅವರ ತಮ್ಮನದೇ. ಇಬ್ಬರೂ ಸ್ವಲ್ಪ ಹೊತ್ತು ಕೊಪ್ಪರಿಗೆ ನೋಡಿದೆವು.

"ಅದ್ಸರಿ, ಆ ಫೋನ್‌ಪೇದು?" ಎಂದರು. ಹೇಳಿದೆ. "ಅದು ತಪ್ಪು ಕಣಯ್ಯಾ." ತಪ್ಪೇ ಅಣ್ಣ ಎಂದೆ.

ಹೀಗೆ ಹೋಗುವಾಗ ಕೆಲವು ಸಣ್ಣ ವಿಷಯ ನೆನಪಿಡಿ. ಹೆಂಗಸರು ಮಕ್ಕಳ ಎದುರು ಮಾತು ತೆಗೆಯಬೇಡಿ. "ನಿಮಗೆ ಯಾರು ಹೇಳಿದ್ದು" ಎಂದು ಕೇಳಬೇಡಿ, "ಯಾವುದನ್ನು ನೋಡಿ ಹಾಗನ್ನಿಸಿತು" ಎಂದು ಕೇಳಿ. ಮೊದಲ ಪ್ರಶ್ನೆ ಚಾಡಿಕೋರನನ್ನು ಹುಡುಕುತ್ತದೆ, ಎರಡನೆಯದು ವಿಷಯವನ್ನು. ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡಿಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. ಬೆದರಿಸುವವರು, ಕೈ ಮಾಡುವವರು ಎಂದು ಗೊತ್ತಿದ್ದರೆ ಮೊದಲ ಸಲವೇ ಇಬ್ಬರನ್ನು ಕರೆದುಕೊಂಡು ಹೋಗಿ.

ಈ ಮೆಟ್ಟಿಲು ಎಲ್ಲಿ ಹತ್ತಬಾರದು

ಮಗುವಿನ ಮೇಲೆ ಅಥವಾ ಹೆಣ್ಣಿನ ಮೇಲೆ ಕೈ ಮಾಡಿದ, ಕೆಟ್ಟದಾಗಿ ನಡೆದುಕೊಂಡ ಎಂಬ ದೂರು ಬಂದರೆ ಮೇಲೆ ಹೇಳಿದ ಭೇಟಿಯನ್ನು ಮರೆತುಬಿಡಿ. ನೀವು ನಿರಪರಾಧಿ ಎಂದು ನಿಮಗೆ ಎಷ್ಟೇ ಗೊತ್ತಿದ್ದರೂ ದೂರು ಕೊಟ್ಟವರ ಮನೆ ಬಾಗಿಲಿಗೆ ಹೋಗಬಾರದು, ಫೋನು ಮಾಡಬಾರದು, ಅಯ್ಯನವರ ಮೂಲಕವೂ "ಮಾತಾಡಿ ಮುಗಿಸೋಣ" ಎಂದು ಹೇಳಿ ಕಳಿಸಬಾರದು. ಅದು ಒತ್ತಡವಾಗುತ್ತದೆ, ನಿಮ್ಮ ವಿರುದ್ಧ ಸಾಕ್ಷ್ಯವೂ ಆಗುತ್ತದೆ. ಅದೇ ದಿನ ಭಾನುವಾರ ಶಾಲೆ, ಯೌವನಸ್ಥರ ಕೂಟ, ಹಾಸ್ಟೆಲು ಎಲ್ಲದರಿಂದ ಪಕ್ಕಕ್ಕೆ ನಿಲ್ಲಿ.

ಸಭೆಯ ಹಿರಿಯರಿಗೂ ಇಲ್ಲಿ ಆಯ್ಕೆಯಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಲ್ಲಿ ಶಿಕ್ಷೆಯಿದೆ. ಮಗುವಿನ ಹೆಸರು ಪ್ರಾರ್ಥನಾ ಕೂಟದಲ್ಲೂ ಬಾಯಿಗೆ ಬರಬಾರದು. ಆರೋಪ ಸುಳ್ಳೋ ನಿಜವೋ ಎಂದು ತೂಗುವ ತಕ್ಕಡಿ ಸಭೆಯ ಆಡಳಿತ ನಡೆಸುವ ಪಾಸ್ಟ್ರೇಟ್ ಕಮಿಟಿಯ ಹತ್ತಿರ ಇಲ್ಲ. ಯೋಸೇಫನ ಕಥೆ ಹೇಳಿ ದೂರು ಕೊಟ್ಟವರನ್ನೆಲ್ಲ, ಅವನ ಮೇಲೆ ಸುಳ್ಳು ಅಪವಾದ ಹೊರಿಸಿದ ಯಜಮಾನಿ, ಪೋಟೀಫರನ ಹೆಂಡತಿ ಮಾಡುವ ಪ್ರಸಂಗಗಳನ್ನು ಕೇಳಿದ್ದೇನೆ, ಅಲ್ಲಿಂದ ಎದ್ದು ಬರಬೇಕೆನಿಸಿದೆ. ಆ ಕಥೆಯಲ್ಲಿ ಅಧಿಕಾರ ಇದ್ದದ್ದು ಯಜಮಾನಿಯ ಕೈಯಲ್ಲಿ, ಯೋಸೇಫ ಕೊಂಡು ತಂದ ಆಳು.

ಇಬ್ಬರು ಮೂವರು ಸಾಕ್ಷಿಗಳು ಎಂದರೆ

ಎರಡನೇ ಮೆಟ್ಟಿಲನ್ನು ಎಷ್ಟೋ ಜನ ತಮ್ಮ ಪರ ಮಾತಾಡುವ ಇಬ್ಬರನ್ನು ಕರೆದೊಯ್ಯುವುದು ಎಂದುಕೊಂಡಿದ್ದಾರೆ. ಸಾಕ್ಷಿ ಎಂದರೆ ಕಂಡು ಕೇಳಿದ್ದನ್ನು ಹೇಳುವವನು, ವಕಾಲತ್ತು ವಹಿಸುವವನಲ್ಲ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಎಂದು ಬರೆದ ಪೌಲನೇ (1 ತಿಮೊಥೆ 5:19) ಮುಂದಿನ ವಚನದಲ್ಲಿ, ತಪ್ಪು ಮಾಡುವವರನ್ನು ಎಲ್ಲರ ಮುಂದೆ ಗದರಿಸು ಎನ್ನುತ್ತಾನೆ. ಮೊದಲ ವಚನವನ್ನು ಮಾತ್ರ ಉದ್ಧರಿಸುವ ಹಿರಿಯರ ಬಗ್ಗೆ ಎಚ್ಚರವಿರಲಿ.

ಸುಳ್ಳುಸಾಕ್ಷಿ ಹೇಗಿರುತ್ತದೆ ಎಂದು ತಿಳಿಯಲು ನಾಬೋತನ ದ್ರಾಕ್ಷಿತೋಟ ನೋಡಿ (1 ಅರಸುಗಳು 21). ತೋಟಕ್ಕಾಗಿ ಅವನನ್ನು ಸುಳ್ಳುಸಾಕ್ಷಿಯಿಂದ ಕೊಲ್ಲಿಸಿದರು: ಅಲ್ಲೂ ಸಾಕ್ಷಿಗಳು ಇಬ್ಬರೇ, ಲೆಕ್ಕ ಸರಿಯಾಗಿತ್ತು. ಕಥೋಲಿಕರ ಬೈಬಲಿನ ದಾನಿಯೇಲ 13ರಲ್ಲಿ ಸುಸನ್ನಳ ಮೇಲೆ ಅಪವಾದ ಹೊರಿಸಿದ ಇಬ್ಬರು ಹಿರಿಯರನ್ನು ದಾನಿಯೇಲನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಇಬ್ಬರ ಮರವೂ ಬೇರೆಯಾಯಿತು. ನಿಮ್ಮ ಕಮಿಟಿಗೂ ಇಷ್ಟೇ ಕೇಳಿಕೊಳ್ಳಿ. ಆರೋಪ ಬರಹದಲ್ಲಿ ಬರಲಿ. ಯಾವ ದಿನ, ಎಷ್ಟು ಹಣ, ಯಾವ ಬಾಬ್ತು ಎಂದು ಅದರಲ್ಲಿರಲಿ. ಎರಡೂ ಕಡೆಯವರಿಗೆ ನೆಂಟನಲ್ಲದ, ಸಾಧ್ಯವಾದರೆ ಬೇರೆ ಸಭೆಯ ಲೆಕ್ಕ ಬಲ್ಲವರೊಬ್ಬರು ಪುಸ್ತಕ ನೋಡಲಿ. ಮುಗಿಯುವ ದಿನ ಗೊತ್ತಾಗಲಿ, ತೀರ್ಮಾನ ನಡಾವಳಿ ಪುಸ್ತಕಕ್ಕೆ ಏರಲಿ.

ಮೈಸೂರು ಧರ್ಮಕ್ಷೇತ್ರದ ಕಥೋಲಿಕರಿಗೆ ಕೇಳಲು ಆಧಾರವೂ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೇ ವಿಧಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕೆನ್ನುತ್ತದೆ. 220ನೇ ವಿಧಿ ಯಾರ ಒಳ್ಳೆಯ ಹೆಸರನ್ನೂ ಅನ್ಯಾಯವಾಗಿ ಕೆಡಿಸಕೂಡದು ಎನ್ನುತ್ತದೆ. ಒಂದು ಸಮಿತಿಯ ವಿಷಯ, ಇನ್ನೊಂದು ಹೆಸರಿನ ವಿಷಯ. ಮೊದಲನೆಯದು ಸರಿಯಾಗಿ ನಡೆದಲ್ಲಿ ಎರಡನೆಯದರ ಕೆಲಸ ಅರ್ಧಕ್ಕರ್ಧ ಕಡಿಮೆ.

ಎಲ್ಲರ ಮುಂದೆ ಒಂದೇ ಸಲ

ಬಹಿರಂಗವಾಗಿ ಬಂದ ಆರೋಪಕ್ಕೆ ಬಹಿರಂಗ ಉತ್ತರ ಬೇಕು, ಒಂದೇ ಸಲ. ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನಿಗೆ ಅವನ ವಿರೋಧಿ ಸನ್ಬಲ್ಲಟನು ಮುಚ್ಚದ ಪತ್ರ ಕಳಿಸಿದ, ದಾರಿಯಲ್ಲಿ ಎಲ್ಲರೂ ಓದಲಿ ಎಂದೇ. ನೆಹೆಮೀಯನ ಉತ್ತರ ಒಂದು ಸಾಲು: ನೀನು ಹೇಳಿದ್ದು ಯಾವುದೂ ನಡೆದಿಲ್ಲ, ಎಲ್ಲ ನಿನ್ನ ಮನಸ್ಸಿನ ಕಲ್ಪನೆ (ನೆಹೆಮೀಯ 6:8). ಆಮೇಲೆ ಗೋಡೆ ಕಟ್ಟಲು ಹೋದ. ನಾನು ಸಭೆಯಲ್ಲಿ ಓದಿದ್ದು ಇದು:

"18,400 ರೂಪಾಯಿ ನಾನು ತೆಗೆದುಕೊಂಡಿಲ್ಲ. 11,250 ಬಾಕಿ ಇದೆ, 5,500 ಶಾಮಿಯಾನ ಮತ್ತು ಮೈಕಿಗೆ ಕೊಟ್ಟಿದೆ, 1,650 ನನ್ನ ಖಾತೆಗೆ ಬಂದಿದ್ದನ್ನು ತಡವಾಗಿ ಕಟ್ಟಿದ್ದೇನೆ. ಓಚರ್ ಇಲ್ಲದೆ ನಗದು ಕೊಟ್ಟದ್ದು, ಸ್ವಂತ ಖಾತೆಗೆ ಹಣ ಪಡೆದದ್ದು ನನ್ನ ತಪ್ಪು, ಕ್ಷಮೆ ಕೇಳುತ್ತೇನೆ. ಪುಸ್ತಕ ಕಾರ್ಯದರ್ಶಿಯವರ ಬಳಿ ಇದೆ, ಯಾರು ಬೇಕಾದರೂ ನೋಡಬಹುದು."

ಓದಲು ಒಂದು ನಿಮಿಷ ಹಿಡಿಯಲಿಲ್ಲ. ಇದರಲ್ಲಿ "ಯಾರಿಗಾದರೂ ನೋವಾಗಿದ್ದರೆ" ಎಂಬ ಮಾತಿಲ್ಲ, ಅದು ಕ್ಷಮೆಯಲ್ಲ. ಬಾಕಿದಾರರ ಹೆಸರಿಲ್ಲ, ಅಣ್ಣನ ಹೆಸರೂ ಇಲ್ಲ. ಮಾಡದ ತಪ್ಪನ್ನು ಶಾಂತಿಗಾಗಿ ಒಪ್ಪಿಕೊಂಡದ್ದೂ ಇಲ್ಲ. "ಒಪ್ಕೊಂಬಿಡು, ಸಭೆ ಉಳೀಲಿ" ಎಂದು ಒತ್ತಾಯಿಸುವವರು ಇರುತ್ತಾರೆ. ಸುಳ್ಳು ಆರೋಪದಂತೆ ಸುಳ್ಳು ತಪ್ಪೊಪ್ಪಿಗೆಯೂ ಸುಳ್ಳೇ.

ಪೊಲೀಸು, ಕೋರ್ಟು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಮಿಕ್ಕದ್ದು ವಕೀಲರ ಕೆಲಸ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಒಪ್ಪಿಸಿದ ಹಣದ ವಿಷಯದಲ್ಲಿ ನಂಬಿಕೆದ್ರೋಹದ ದೂರು ಬಂದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿಗೆ ಬರುತ್ತದೆ. ಠಾಣೆಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಬಂದರೆ ಹೇಳಿದ ದಿನ ಹಾಜರಾಗಿ, ತಪ್ಪಿಸಿಕೊಳ್ಳಬೇಡಿ. ಹೋಗುವ ಮುಂಚೆ ವಕೀಲರನ್ನು ಕಾಣಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ. ಬಂಧನದ ಭಯವಿದ್ದರೆ ಅದೇ ಸಂಹಿತೆಯ 482ನೇ ಕಲಮಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ವಾಟ್ಸಾಪ್ ಸಂದೇಶಗಳು ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಆದ್ದರಿಂದ ಹಳೇ ಫೋನು ಮಾರಬೇಡಿ. ವಕೀಲರ ಖರ್ಚಿಗೆ ದಿಕ್ಕಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ನೀವೇ ಮಾನನಷ್ಟದ ಕೇಸು ಹಾಕಬೇಕೇ? ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಇದೆ, ಎರಡು ವರ್ಷದವರೆಗೆ ಸಾದಾ ಸಜೆಯ ಅವಕಾಶವೂ ಇದೆ. ನನ್ನ ಅಭಿಪ್ರಾಯ, ಸಭೆಯೊಳಗಿನ ಮಾತಿಗೆ ಅದನ್ನು ಎತ್ತಬೇಡಿ. ಸಹೋದರನು ಸಹೋದರನ ಮೇಲೆ ವ್ಯಾಜ್ಯಕ್ಕೆ ಹೋಗುವುದನ್ನು 1 ಕೊರಿಂಥ 6ರಲ್ಲಿ ಪೌಲನು ನಾಚಿಕೆಗೇಡೆನ್ನುತ್ತಾನೆ. ಅದೇ ಪೌಲನು ಜೀವಕ್ಕೆ ಸಂಚಕಾರ ಬಂದಾಗ ಕೈಸರನಿಗೆ ಮೇಲ್ಮನವಿ ಹಾಕಿದ. ಕೋರ್ಟಿಗೆ ಎಳೆಯಲ್ಪಟ್ಟಾಗ ಕಾನೂನಿನ ರಕ್ಷಣೆ ಬೇಡುವುದು ಒಂದು, ಕೋರ್ಟಿಗೆ ಎಳೆಯುವುದು ಇನ್ನೊಂದು. ಕೆಲಸ, ಮನೆ, ಜೀವನ ಹೋಗುವಂಥ ಸುಳ್ಳಾದರೆ ಮಾತು ಬೇರೆ.

ಆಮೇಲೂ ಮಾತು ನಿಲ್ಲದಿದ್ದರೆ

ನಿಲ್ಲುವುದಿಲ್ಲ. ಲೆಕ್ಕ ಒಪ್ಪಿಸಿದ ಮೇಲೂ ನಮ್ಮ ಸಭೆಯಲ್ಲಿ ಒಬ್ಬರು ಇವತ್ತಿಗೂ ಕಾಣಿಕೆ ಚೀಲ ನನ್ನ ಮುಂದೆ ಬಂದಾಗ ಕೆಮ್ಮುತ್ತಾರೆ. ಆದಿಕಾಂಡವನ್ನು ಪೂರ್ತಿ ಓದಿ ನೋಡಿ, ಪೋಟೀಫರನ ಮನೆಯಲ್ಲಿ ಯೋಸೇಫನ ಹೆಸರು ಶುದ್ಧವಾಯಿತು ಎಂದು ಎಲ್ಲೂ ಬರೆದಿಲ್ಲ. ಅವನು ಐಗುಪ್ತಕ್ಕೆ ಅಧಿಪತಿಯಾದ, ಆದರೆ ಯಜಮಾನಿ ಸಾಕ್ಷಿಯೆಂದು ತೋರಿಸಿದ ಅವನ ಬಟ್ಟೆಯ ವಿಷಯ ಹಾಗೇ ಉಳಿಯಿತು. ಮನೆಯವರಿಗೆ ಈ ಮಾತನ್ನು ಮೊದಲೇ ಹೇಳಿಬಿಡಿ. ಮಕ್ಕಳಿಗೆ ಶಾಲೆಯಲ್ಲಿ, ಹೆಂಡತಿಗೆ ಸ್ತ್ರೀಯರ ಕೂಟದಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಒಂದು ವಾಕ್ಯ ಕೊಟ್ಟಿರಿ. ನಮ್ಮನೆಯ ವಾಕ್ಯ, "ಪುಸ್ತಕ ಕಾರ್ಯದರ್ಶಿ ಹತ್ರ ಇದೆ, ನೋಡ್ಕೊಳಿ."

ಕರ್ತನ ಭೋಜನಕ್ಕೆ ಹೋಗುವುದನ್ನು ಬಿಡಬೇಡಿ. ಬಲಿಪೀಠದ ಹತ್ತಿರ ಕಾಣಿಕೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂಬ ಮಾತು (ಮತ್ತಾಯ 5:24) ನೀವು ಹೋಗಿ ಬಂದ ಮೇಲೂ ಅವರು ಒಪ್ಪದಿದ್ದರೆ ನಿಮ್ಮನ್ನು ಹೊರಗೆ ನಿಲ್ಲಿಸುವುದಿಲ್ಲ. ಈ ಬಗ್ಗೆ ನಿಮ್ಮ ಸಭಾಪಾಲಕರನ್ನೇ ಕೇಳಿ, ಒಬ್ಬರೇ ಕೂತು ತೀರ್ಮಾನಿಸಬೇಡಿ.

ಇನ್ನು ಮುಂದಿನ ವರ್ಷದ ಕೆಲಸ. ಯೆರೂಸಲೇಮಿನ ಬಡವರಿಗೆ ಹಣ ಸಾಗಿಸುವಾಗ ಪೌಲನು ತೀತನ ಜೊತೆ ಇನ್ನಿಬ್ಬರನ್ನು ಕಳಿಸಿದ. ಕಾರಣವನ್ನೂ ಬರೆದ: ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು (2 ಕೊರಿಂಥ 8:20-21). ಪೌಲನನ್ನೇ ನಂಬಲಿ ಎಂದು ಪೌಲನೇ ಕೇಳಲಿಲ್ಲ. ನಮ್ಮಲ್ಲಿ ಈಗ ಕಾಣಿಕೆಯನ್ನು ನೆಂಟರಲ್ಲದ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ. ಬಂದ ನಗದು ಪೂರ್ತಿ ಬ್ಯಾಂಕಿಗೆ ಹೋಗುತ್ತದೆ, ಖರ್ಚು ಚೆಕ್ಕಿನಲ್ಲಿ. ಸಭೆಯ ಖಾತೆಯದೇ ಕ್ಯೂಆರ್ ಕೋಡನ್ನು ಹರಾಜಿನ ಮೇಜಿಗೆ ಅಂಟಿಸಿದ್ದೇವೆ. ಕೂಗಿದ್ದು, ಬಂದದ್ದು, ಬಾಕಿ ಎಂದು ಮೂರು ಕಾಲಮಿನ ಪಟ್ಟಿ ಮುಂದಿನ ಭಾನುವಾರವೇ ನೋಟಿಸ್ ಬೋರ್ಡಿನಲ್ಲಿರುತ್ತದೆ. ಬರೆಯುವ ಕೆಲಸಕ್ಕೆ ನಾನು ಆಲೆಮನೆ ಅಣ್ಣನ ಹೆಸರು ಸೂಚಿಸಿದೆ, ಕಮಿಟಿ ಒಪ್ಪಿತು.

ಹೋದ ಹಬ್ಬದಲ್ಲಿ ಕೋಳಿ ಎರಡು ಸಲ ಕೂಗಿಸಿಕೊಂಡು ಮೂರನೇ ಸಲಕ್ಕೆ ಮೇಜಿಗೆ ಬಂತು. ಅಣ್ಣ ಡೈರಿ ಮೇಲಿಂದ ಕನ್ನಡಕ ಎತ್ತಿ, ಮೈಕ್ ಹತ್ತಿರ ಎಳೆದುಕೊಂಡು, "ಹಿಂದಿನ ಎಲ್ಡು ಸಲದ್ದು ಬಾಕಿ ಕಣ್ರಪ್ಪಾ, ಅದ್ನ ಕೊಡೋಗಂಟ ಕೋಳಿ ಕೂಗಕಿಲ್ಲ" ಎಂದರು.